ಅಕ್ಕನ ಹೊಲಿಗೆ ಕೋಣೆಯಲ್ಲಿ ಹದಿನೈದು ಪರ್ಸೆಂಟ್

ಇದರಲ್ಲಿ ಕೆಲವು ವಿವರಗಳು ತಪ್ಪಾಗಿರಬಹುದು. ನಾನು ಅಕ್ಕನ ಮನೆಗೆ ಹೋಗಿ ಸೇರಿಕೊಂಡದ್ದು ಯುಗಾದಿಗೆ ಮುಂಚೆಯೋ ಆಮೇಲೋ ಎಂಬುದೇ ನನಗೆ ಖಚಿತವಿಲ್ಲ. ದಿನಾ ಡೈರಿ ಬರೆಯುವವಳು ಹೀಗೆ ಹೇಳಬಾರದು, ನಿಜ. ಆದರೆ ಅಲ್ಲಿದ್ದ ಆರು ತಿಂಗಳ ಡೈರಿ ತೆರೆದರೆ ಪುಟದ ಮೇಲೆ ಪುಟ ಕಂಪನಿ ಷೇರಿನ ಬೆಲೆ, ಡಾಲರಿನ ಬೆಲೆ. ಮನೆಯಲ್ಲಿ ಯಾರು ಏನು ಮಾತಾಡಿದರು ಎಂಬುದಕ್ಕೆ ಒಂದು ಸಾಲು, ಎರಡು ಸಾಲು. ಹಾಗಾಗಿ ಬೆಲೆಗಳನ್ನು ಕೇಳಿದರೆ ಥಟ್ಟನೆ ಹೇಳುತ್ತೇನೆ; ಮಾತುಗಳ ವಿಷಯದಲ್ಲಿ ನನ್ನನ್ನು ನಂಬಬೇಡಿ.

ನಾನು ಕೊಳ್ಳೇಗಾಲದಲ್ಲಿ ಒಂದು ಬಿತ್ತನೆ ಬೀಜದ ಕಂಪನಿಯ ಕಚೇರಿಯಲ್ಲಿದ್ದೇನೆ. ಕಚೇರಿ ಎಂದರೆ ಗೋದಾಮಿನ ಮುಂದಿರುವ ಎರಡು ಕೋಣೆ, ಐದು ಜನ. ಕಂಪನಿಯ ಒಡೆಯರು ಸಮುದ್ರದಾಚೆ ಇದ್ದಾರೆ. ಅವರ ಯಾವುದೋ ಪಟ್ಟಿಯಲ್ಲಿ ನಾವು ಐದು ಸಾಲು. ಒಂದು ದಿನ ಆ ಐದೂ ಸಾಲಿಗೆ ಮೇಲ್ ಬಂತು: ಬನ್ನಿ, ನೀವೂ ಒಡೆಯರಾಗಿ. ಆರು ತಿಂಗಳು ನಿಮ್ಮ ಸಂಬಳದಲ್ಲಿ ನೀವು ಹೇಳಿದಷ್ಟು ಹಿಡಿದುಕೊಳ್ಳುತ್ತೇವೆ, ಹೆಚ್ಚೆಂದರೆ ಹದಿನೈದು ಪರ್ಸೆಂಟ್. ಕೊನೆಗೆ ಆ ದುಡ್ಡಿಗೆ ಕಂಪನಿಯ ಷೇರು ಕೊಡುತ್ತೇವೆ, ಬೆಲೆಯಲ್ಲಿ ಹದಿನೈದು ಪರ್ಸೆಂಟ್ ರಿಯಾಯಿತಿ. ಅದೂ ಮೊದಲ ದಿನದ ಬೆಲೆ, ಕೊನೆಯ ದಿನದ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ.

ಹನೂರಿನಿಂದ ಬರುವ ನಮ್ಮ ಫೀಲ್ಡ್ ಸೂಪರ್‌ವೈಸರ್ ಮೇಲನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು. ಅಜ್ಜೀಪುರದ ಕಡೆಯ ಜೋಳದ ಹೊಲಗಳನ್ನೆಲ್ಲ ಇಪ್ಪತ್ತು ವರ್ಷದಿಂದ ಸುತ್ತಿದ ಮನುಷ್ಯ.

"ಮೇಡಂ, ನಾವ್ ಯಾವ್ ಬೀಜುಕ್ಕೆ ರೇಟು ಕಮ್ಮಿ ಮಾಡ್ತೀವಿ, ಯೋಳಿ?"

"ವಾಯಿದೆ ಮುಗಿಯೋಕೆ ಬಂದಿರೋ ಬೀಜಕ್ಕೆ."

"ಮತ್ತೆ? ಕಂಪ್ನಿನೇ ಕಮ್ಮಿ ರೇಟ್ಗೆ ಕೊಡ್ತಾವ್ರೆ ಅಂದ್ರೆ ಒಳ್ಗೆ ಏನೋ ಮುಗ್ಗಿರ್ಬೇಕು ಕಣ್ರಿ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಮೈಸೂರಿನಲ್ಲಿ ಎಂ.ಎ. ಎಕನಾಮಿಕ್ಸ್ ಓದಿದವಳು ನಗುವ ಸಂದರ್ಭ ಅದಾಗಿರಲಿಲ್ಲ. ಗೋದಾಮಿನ ಲೆಕ್ಕ ಬರೆಯುವ ಬೋರ್ಡನ್ನು ಒರೆಸಿ ಪಾಠ ಶುರು ಮಾಡಿದೆ. ಎಂಬತ್ತೈದಕ್ಕೆ ಕೊಂಡದ್ದನ್ನು ಅದೇ ದಿನ ನೂರಕ್ಕೆ ಮಾರಿದರೆ ಬರುವುದು ಹದಿನೈದು ಪರ್ಸೆಂಟ್ ಅಲ್ಲ, ಹದಿನೇಳೂವರೆಗಿಂತ ಜಾಸ್ತಿ. ಷೇರು ಬಿದ್ದಿದ್ದರೆ ಬಿದ್ದ ಬೆಲೆಯ ಮೇಲೆ ರಿಯಾಯಿತಿ, ಎದ್ದಿದ್ದರೆ ಹಳೆಯ ಬೆಲೆಯ ಮೇಲೆ. ಇಟ್ಟುಕೊಂಡು ಕೂರುವುದು ದಡ್ಡತನ. ಬಂದ ದಿನವೇ ಮಾರಬೇಕು. ಇದನ್ನು ಪೂರಾ ಬಳಸಿಕೊಳ್ಳದವನು ಕಂಪನಿಗೆ ಪುಕ್ಕಟೆ ದುಡಿದಂತೆ. ಈ ಕೊನೆಯ ವಾಕ್ಯ ನನಗೆ ಎಷ್ಟು ಇಷ್ಟವಾಯಿತೆಂದರೆ ಬೋರ್ಡಿನ ಮೇಲೂ ಬರೆದೆ. ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ. ಈಗಲೂ ಇಲ್ಲ.

ಐದು ಪರ್ಸೆಂಟ್ ಎಂದು ತುಂಬಿದ್ದರೆ ನಾನು ಕೊಳ್ಳೇಗಾಲದ ಬಾಡಿಗೆ ಕೋಣೆಯಲ್ಲೇ ಆರಾಮವಾಗಿ ಇರಬಹುದಿತ್ತು. ಹದಿನೈದು ಎಂದು ತುಂಬಿದೆ. ಹಾಗೆ ತುಂಬಿದ ಮೇಲೆ ಕೋಣೆಯ ಬಾಡಿಗೆ ದುಂದುವೆಚ್ಚದಂತೆ ಕಾಣತೊಡಗಿತು. ಅಕ್ಕನ ಮನೆ ಯಳಂದೂರಿನಲ್ಲಿ, ಬಸ್ಸಿಗೆ ದೂರವೇನಲ್ಲ. ಒಂದು ಹಜಾರ, ಒಂದು ಅಡುಗೆಮನೆ, ಮತ್ತೊಂದು ಚಿಕ್ಕ ಕೋಣೆ. ಆ ಚಿಕ್ಕ ಕೋಣೆಯಲ್ಲಿ ಅಕ್ಕನ ಹೊಲಿಗೆ ಮಿಷನ್ನು. ಅಕ್ಕ ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದಳು. ಭಾವನ ಸಂಬಳ ಮನೆಗೆ, ಮಿಷನ್ನಿನ ದುಡ್ಡು ಅಕ್ಕನಿಗೆ, ಹೀಗೆ ಅವರಲ್ಲಿ ಒಪ್ಪಂದ. ಬಜಾರಿನಲ್ಲಿ ಒಂದು ಮಳಿಗೆ ಹಿಡಿದು, ಮೋಟಾರಿನ ಮಿಷನ್ನು ಹಾಕಿ, ಬೋರ್ಡು ಬರೆಸಬೇಕು ಎಂಬುದು ಅವಳಿಗೆ ಬಹಳ ವರ್ಷದ ಆಸೆ.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಆರು ತಿಂಗಳ ಮಟ್ಟಿಗೆ ಆ ಕೋಣೆ ಕೇಳಿದೆ. ಯಾಕೆಂದು ವಿವರಿಸಿದೆ. ಅವತ್ತು ಮಾಂಬಳ್ಳಿಯಿಂದ ಸೋದರಮಾವನೂ ಬಂದಿದ್ದ. ಒಂದು ಗೊನೆ ಬಾಳೆಕಾಯಿ ತಂದು ಗೋಡೆಗೆ ಒರಗಿಸಿ, ಕಾಫಿಗೆ ಕಾಯುತ್ತ ಕೂತಿದ್ದ.

"ಸೇರಾ?" ಎಂದ ಮಾವ. ಷೇರು ಅವನ ಬಾಯಲ್ಲಿ ಸೇರು. "ಒಳ್ಳೇದು ಕಣ್ ಕೂಸೇ. ಬೀಜದ್ ಕಂಪ್ನಿ ಅಂದ್ಮೇಲೆ ಬೀಜ್ವೇ ಕೊಟ್ಟಾರು. ವರ್ಸುಕ್ಕೆ ಎಷ್ಟು ಮೂಟೆ?"

ಅವನ ತಪ್ಪೇನಿಲ್ಲ. ನಮ್ಮ ತಾತನ ಹೆಸರಿನಲ್ಲಿ ಒಂದು ಸಕ್ಕರೆ ಕಾರ್ಖಾನೆಯ ಷೇರು ಇತ್ತು. ಷೇರುದಾರರಿಗೆ ವರ್ಷಕ್ಕೊಮ್ಮೆ ಕಡಿಮೆ ಬೆಲೆಗೆ ಸಕ್ಕರೆ. ಮೂಟೆ ಮನೆಗೆ ಬಂದ ದಿನ ತಾತ ಒಲೆ ಎಣಿಸುತ್ತಿದ್ದ. ಬೇರೆಯಾದ ಗಂಡುಮಕ್ಕಳ ಒಲೆ, ಕೊಟ್ಟ ಹೆಣ್ಣುಮಕ್ಕಳ ಒಲೆ, ಎಲ್ಲ ಸೇರಿಸಿ, ಒಲೆಗೊಂದು ಪಾಲು. ಹೆಸರು ಒಬ್ಬರದು, ಸಕ್ಕರೆ ಎಲ್ಲರದು. ನಮ್ಮ ಮನೆಯಲ್ಲಿ ಷೇರು ಎಂಬ ಮಾತಿಗೆ ಇದ್ದ ಅರ್ಥ ಅಷ್ಟೇ. ಡಿವಿಡೆಂಡು, ಬಂಡವಾಳ ಇವೆಲ್ಲ ನಾನು ಮೈಸೂರಿಗೆ ಹೋಗಿ ಕಲಿತು ಬಂದದ್ದು.

"ಬೀಜ ಕೊಡಲ್ಲ ಮಾವ, ದುಡ್ಡೇ ಬರ್ತದೆ" ಎಂದೆ.

"ದುಡ್ಡೇ ಬತ್ತದಂತೆ ಕಣವ್ವ!" ಎಂದು ಮಾವ ಅಕ್ಕನ ಕಡೆ ತಿರುಗಿದ. ಅಕ್ಕ ಒಗ್ಗರಣೆ ಇಳಿಸಿ, ಕೈ ಒರೆಸಿಕೊಂಡು, ಹೋಗಿ ಮಿಷನ್ನಿನ ಒಂದು ಬದಿ ಹಿಡಿದಳು. ಇನ್ನೊಂದು ಬದಿ ನಾನು ಹಿಡಿದೆ. ಜಗಲಿಗೆ ಸಾಗಿಸಿದೆವು. ಡೈರಿಯಲ್ಲಿ ಅವತ್ತಿನದು ಹೀಗಿದೆ: "ಅಕ್ಕನಿಗೆ ಹೇಳಿದೆ. ಒಪ್ಪಿದಳು." ಅದರ ಕೆಳಗೆ ಆ ದಿನದ ಷೇರಿನ ಬೆಲೆ, ದಶಾಂಶದ ನಂತರ ಎರಡು ಅಂಕಿಯವರೆಗೆ.

ಆಮೇಲಿನ ದಿನಗಳು ನನಗೆ ಸುಖವಾಗಿಯೇ ಇದ್ದವು. ಬೆಳಿಗ್ಗೆ ಅಕ್ಕ ಕಟ್ಟಿಕೊಟ್ಟ ಡಬ್ಬಿ, ಸಂಜೆ ಬಿಸಿ ಮುದ್ದೆ. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರಾಕ್ಟರುಗಳ ಹಿಂದೆ ಬಸ್ಸು ತೆವಳುವಾಗ ನಾನು ಮೊಬೈಲಿನಲ್ಲಿ ಬೆಲೆ ನೋಡುತ್ತಿದ್ದೆ. ಷೇರು ಬಿದ್ದರೂ ಖುಷಿ, ಎದ್ದರೂ ಖುಷಿ. ಅಂಥ ಖುಷಿ ಎಲ್ಲರಿಗೂ ಸಿಗುವುದಿಲ್ಲ ಎಂದುಕೊಳ್ಳುತ್ತಿದ್ದೆ.

ಮಿಷನ್ನು ಜಗಲಿಗೆ ಹೋದ ಮೇಲೆ ಒಂದು ತೊಂದರೆ ಶುರುವಾಯಿತು. ಬಟ್ಟೆ ಎಲ್ಲಿ ಕೂತು ಬೇಕಾದರೂ ಹೊಲಿಯಬಹುದು, ಅಳತೆ ಎಲ್ಲಿ ಬೇಕಾದರೂ ತೆಗೆಯಲಾಗದು. ಒಳಗೆ ಹಜಾರದಲ್ಲಿ ಭಾವ ಟೀವಿ ಮುಂದೆ, ಹೊರಗೆ ಬೀದಿ. ಒಂದು ಭಾನುವಾರ ನಾನು ಕೋಣೆಯಲ್ಲಿ ಮಲಗಿಕೊಂಡು ಓದುತ್ತಿದ್ದಾಗ ಕಿಟಕಿಯಾಚೆ ಒಬ್ಬಾಕೆಯ ದನಿ ಕೇಳಿತು.

"ಏನಕ್ಕೋ, ಬೀದೀಲಿ ನಿಲ್ಸಿ ಎದೆ ಅಳ್ತೆ ತಗೀತೀಯಾ? ಓಗೋ ಬರೋ ಗಂಡಸ್ರುಗೆ ನೀನೇ ಕೂಗಿ ಯೋಳ್ಬುಡು, ಮೂವತ್ತಾರು ಅಂತ."

"ಅಳೇ ರವ್ಕೆ ಕೊಟ್ಟೋಗು, ಅದ್ರು ಅಳ್ತೆಗೇ ಒಲಿತೀನಿ."

"ಅಳೇದು ಮೈಗೆ ಆಗಂಗಿದ್ರೆ ಒಸದು ಯಾಕ್ ಒಲುಸ್ಲಿ?"

"ಇನ್ ಮೂರ್ ತಿಂಗ್ಳು ತಡ್ಕೊ ಮಾರಾಯ್ತಿ. ನಮ್ ಷೇರು ಬತ್ತದೆ. ಬಜಾರಲ್ಲಿ ಮಳ್ಗೆ ನೋಡ್ಬುಟ್ಟು ಬಂದಿವ್ನಿ. ಪರ್ದೆ ಆಕಿ, ಕನ್ನಡಿ ಇಟ್ಟು, ಮಾರಾಣಿ ಅಂಗೆ ಅಳ್ತೆ ತಗೀತೀನಿ."

ನಮ್ ಷೇರು. ನಾನು ಪುಸ್ತಕ ಮುಚ್ಚಿದೆ. ಎದ್ದು ಹೊರಗೆ ಹೋಗಿ, ಅಕ್ಕ, ಅದು ನಮ್ಮ ಷೇರಲ್ಲ, ನನ್ನದು ಎನ್ನಬಹುದಿತ್ತು. ತಮಾಷೆಗೆ ಅಂದಿರಬೇಕು ಎಂದುಕೊಂಡೆ. ಈ ಸಮಾಧಾನ ಆವತ್ತೇ ಹೇಳಿಕೊಂಡದ್ದೋ, ಆಮೇಲೆ ಕಟ್ಟಿಕೊಂಡದ್ದೋ ಗೊತ್ತಿಲ್ಲ. ಒಂದಂತೂ ಗೊತ್ತು: ಆ ಮಾತು ತಿದ್ದಿದ್ದರೆ ಮಿಷನ್ನು ಒಳಗೆ ಬರುತ್ತಿತ್ತು, ನಾನು ಹೊರಗೆ ಹೋಗಬೇಕಾಗುತ್ತಿತ್ತು. ಪುಸ್ತಕವನ್ನು ಮತ್ತೆ ತೆರೆದೆ. ಆಕೆ ರವಿಕೆ ಬಟ್ಟೆ ವಾಪಸು ತೆಗೆದುಕೊಂಡು ಹೋದಳು. ಆಕೆಯ ಹಿಂದೆ ಇನ್ನಷ್ಟು ಜನ ಹೋದರು.

ಷೇರು ಬಂತು. ಬಂದ ದಿನವೇ ಮಾರಿದೆ, ಬೋರ್ಡಿನ ಮೇಲೆ ಬರೆದಂತೆ. ಬೋರ್ಡಿನ ಮೇಲೆ ಬರೆಯದೆ ಬಿಟ್ಟದ್ದೂ ಕೆಲವಿದ್ದವು. ರಿಯಾಯಿತಿಯನ್ನು ಸಂಬಳವೆಂದೇ ಎಣಿಸಿ ತೆರಿಗೆ ಹಿಡಿದರು. ಡಾಲರನ್ನು ರೂಪಾಯಿ ಮಾಡಿದ್ದಕ್ಕೆ ಒಬ್ಬರು ಕಮಿಷನ್ನು ಕಿತ್ತುಕೊಂಡರು, ಅದನ್ನು ಇಲ್ಲಿಗೆ ಕಳಿಸಿದ್ದಕ್ಕೆ ಇನ್ನೊಬ್ಬರು. ಕೂಡಿ ಕಳೆದು ನೋಡಿದರೆ, ರಿಯಾಯಿತಿಯಿಂದ ಉಳಿದದ್ದಕ್ಕಿಂತ ಆರು ತಿಂಗಳ ಬಾಡಿಗೆಯಿಂದ ಉಳಿದದ್ದೇ ಹೆಚ್ಚು. ಸಮುದ್ರದಾಚೆಯ ಕಂಪನಿಗಿಂತ ಯಳಂದೂರಿನ ಚಿಕ್ಕ ಕೋಣೆ ನನಗೆ ಒಳ್ಳೆಯ ಲಾಭ ಕೊಟ್ಟಿತ್ತು. ಎಂ.ಎ. ಓದಿದವಳಿಗೆ ಇದು ಗೊತ್ತಾಗಲು ಆರು ತಿಂಗಳು ಬೇಕಾಯಿತು.

ಸುದ್ದಿ ಕೇಳಿ ಮಾವ ಬಂದ. ಜಗಲಿಯಲ್ಲಿ ಮಿಷನ್ನಿನ ಪಕ್ಕ ಕೂತು ಕೇಳಿದ: "ಸೇರು ಬಂತಂತೆ. ಎಷ್ಟು ಒಲೆ ಎಣಿಸ್ದೆ ಕೂಸೇ?"

"ಇದು ಆ ಥರದ ಷೇರಲ್ಲ ಮಾವ. ನನ್ನ ಸಂಬಳದಲ್ಲಿ ಹಿಡಿದದ್ದು."

"ನಿನ್ ಸಂಬ್ಳುದ್ದೇ, ಇಲ್ಲ ಅಂದೋರ್ ಯಾರು? ಆರ್ ತಿಂಗ್ಳು ಉಂಡಿದ್ದು ಯಾರ್ ಒಲೇದು?"

"ಬುಡು ಮಾವ" ಎಂದಳು ಅಕ್ಕ, ಮಿಷನ್ನು ತುಳಿಯುವುದನ್ನು ನಿಲ್ಲಿಸದೆ. "ಅವ್ಳು ಓದಿರೋಳು. ಓದಿರೋರ್ ಒಲೆ ಬ್ಯಾರೆ."

ನಗುತ್ತಲೇ ಅಂದಳು ಎಂದು ನನ್ನ ನೆನಪು. ಆದರೆ ನಾನು ಆಗ ಅವಳ ಮುಖ ನೋಡುತ್ತಿರಲಿಲ್ಲ, ಸೂಜಿಯ ಕೆಳಗೆ ಓಡುತ್ತಿದ್ದ ಬಟ್ಟೆ ನೋಡುತ್ತಿದ್ದೆ. ಹಾಗಾದರೆ ನಕ್ಕದ್ದು ನನಗೆ ಹೇಗೆ ಗೊತ್ತು?

ಆ ದುಡ್ಡನ್ನು ಕೊಳ್ಳೇಗಾಲದಲ್ಲಿ ಹೊಸ ಬಾಡಿಗೆ ಮನೆಯ ಅಡ್ವಾನ್ಸಿಗೆ ಕೊಟ್ಟೆ. ಹೊರಡುವ ಮುಂಚೆ ಅಕ್ಕನಿಗೊಂದು ರೇಷ್ಮೆ ಸೀರೆ ತಂದುಕೊಟ್ಟೆ. ಅಂಗಡಿಯವನು ಅದನ್ನೂ ರಿಯಾಯಿತಿಯಲ್ಲಿ ಕೊಟ್ಟ, ಎಷ್ಟು ಪರ್ಸೆಂಟ್ ಎಂದು ಬರೆಯುವುದಿಲ್ಲ. ಸ್ವಲ್ಪ ದುಡ್ಡು ಕೊಡಲೂ ಹೋದೆ. "ಬ್ಯಾಡ, ನಿನ್ ಅಡ್ವಾನ್ಸಿಗೆ ಆಯ್ತದೆ" ಎಂದಳು. ಎರಡನೆಯ ಸಲ ಒತ್ತಾಯ ಮಾಡಿದೆನೇ? ಮಾಡಿದೆ ಎಂದು ಬರೆಯಲು ಕೈ ಹೋಗುತ್ತಿದೆ. ಮಾಡಿರಲಿಕ್ಕಿಲ್ಲ.

ಮಿಷನ್ನು ಮತ್ತೆ ಕೋಣೆಗೆ ಹೋಗಿದೆ. ಹೋದ ಹೆಂಗಸರು ಬಂದಿಲ್ಲ. ಬೇರೆಯವಳ ಅಳತೆಗೆ ಅಭ್ಯಾಸವಾಗಿದ್ದಾರೆ. ಅಕ್ಕ ಈಗ ಅಂಗಡಿಯವರು ಕೊಟ್ಟ ಸೀರೆಗಳಿಗೆ ಫಾಲ್ ಹಚ್ಚುತ್ತಾಳೆ. ಅದಕ್ಕೆ ಯಾರ ಅಳತೆಯೂ ಬೇಡ. ಅವಳು ನೋಡಿ ಬಂದಿದ್ದ ಮಳಿಗೆಯಲ್ಲಿ ಮೊಬೈಲ್ ರಿಪೇರಿಯವನು ಕೂತಿದ್ದಾನೆ. ಹನೂರಿನ ಸೂಪರ್‌ವೈಸರ್ ಈ ಸಲ ತಾವೂ ಸ್ಕೀಮಿಗೆ ಸೇರಿದರು, ಮೂರು ಪರ್ಸೆಂಟಿಗೆ. "ನಿಮ್ಮಷ್ಟು ತಲೆ ಓಡಲ್ಲ ಮೇಡಂ, ಮನೇಲಿ ಯಾರ್ಗೂ ಗೊತ್ತಾಗ್ದಷ್ಟು ಆಕಿವ್ನಿ" ಎಂದರು. ಹೊಗಳಿಕೆಯೋ ಬೈಗುಳವೋ ಎಂದು ಕೇಳಲಿಲ್ಲ.

ನಮ್ಮ ಕಡೆ ಮಾತಾಡುವಾಗ "ನಂಗೆ" ಎನ್ನುವುದಕ್ಕೂ "ನಮ್ಗೆ" ಎನ್ನುವುದಕ್ಕೂ ತುಟಿ ಒಮ್ಮೆ ಮುಚ್ಚಿ ತೆರೆದಷ್ಟೇ ವ್ಯತ್ಯಾಸ. ಒಗ್ಗರಣೆ ಚಟಗುಟ್ಟುವ ಅಡುಗೆಮನೆಯಲ್ಲಿ ಅದು ಕೇಳಿಸುವುದೂ ಕಷ್ಟ. ನಾನು "ನಂಗೆ" ಅಂದದ್ದನ್ನು ಅಕ್ಕ ತಪ್ಪಾಗಿ ಕೇಳಿಸಿಕೊಂಡಿದ್ದರೆ, ಅವತ್ತೇ ಅದನ್ನು ಗಮನಿಸದ ನಾನು ದಡ್ಡಿ ಮಾತ್ರ. ನಾನೇ "ನಮ್ಗೆ" ಅಂದಿದ್ದರೆ, ಕೋಣೆ ಸಿಗಲಿ ಎಂದು ಬೇಕೆಂದೇ ಅಂದಿದ್ದರೆ, ಅದಕ್ಕೆ ಇರುವ ಹೆಸರು ಬೇರೆ. ಡೈರಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಮಾವನಿಗೆ ಕೇಳಿಸಿದ್ದು ಸೇರು ಮಾತ್ರ. ಹಾಗಾಗಿ ಹೋದ ತಿಂಗಳು, ಅಕ್ಕ ಫಾಲ್ ಹಚ್ಚುತ್ತ ಕೂತಿದ್ದಾಗ, ಅವಳನ್ನೇ ಕೇಳಿದೆ. ಅವಳು ದಾರ ಕಡಿದು, ಸೀರೆ ಮಡಚಿ, ಇನ್ನೊಂದನ್ನು ಎತ್ತಿಕೊಂಡಳು. ಆಮೇಲೆ ಎರಡು ಸಲ ಹೋಗಿ ಬಂದಿದ್ದೇನೆ, ಆ ಮಾತು ಎತ್ತಿಲ್ಲ. ನಾನು ಕೇಳಿದ್ದು ಇಷ್ಟೇ:

"ಅಕ್ಕ, ಅವತ್ತು ಅಡ್ಗೆಮನೇಲಿ ನಾನು ಷೇರು ನಂಗೆ ಬತ್ತದೆ ಅಂದ್ನಾ, ನಮ್ಗೆ ಬತ್ತದೆ ಅಂದ್ನಾ?"