ಜೋಡಿ ನಕ್ಷತ್ರಗಳು ಗಂಡಹೆಂಡಿರಲ್ಲ

ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಸಂಶೋಧನೆಗೆ ಜೋಡಿ ನಕ್ಷತ್ರಗಳನ್ನು ಆರಿಸಿಕೊಂಡಾಗ ಜೊತೆಯವರೆಲ್ಲ ಬುದ್ಧಿ ಹೇಳಿದರು. "ಸೋಲಾರ್ ಪ್ಯಾನೆಲ್ ಮ್ಯಾಲ ಮಾಡ್ರಿ, ಲಗೂ ಮುಗೀತೈತಿ," ಅಂದರು. ಮದುವೆಯನ್ನೂ ಒಲ್ಲೆ ಅಂದವಳು ಇನ್ನೆಷ್ಟು ಹಟ ಮಾಡುತ್ತಾಳೆ ಎಂಬುದು ಅವರ ಮನಸ್ಸಿನಲ್ಲಿತ್ತು. ನಾನು ಬಿಡಲಿಲ್ಲ. ರಾಯಬಾಗದ ಕಡೆ ಕುರಿ ಸಾಕುವ ಮನೆಯವಳು ನಾನು. ಬೇಡ ಅಂದದ್ದನ್ನೆಲ್ಲ ಬಿಟ್ಟಿದ್ದರೆ ಹೈಸ್ಕೂಲನ್ನೂ ದಾಟುತ್ತಿರಲಿಲ್ಲ.

ನನ್ನ ಹತ್ತಿರ ದುರ್ಬೀನು ಇಲ್ಲ. ದೊಡ್ಡ ದುರ್ಬೀನುಗಳು ಹಿಡಿದಿಟ್ಟ ಬೆಳಕಿನ ದಾಖಲೆಗಳನ್ನು ಇಳಿಸಿಕೊಂಡು, ತರಗತಿ ಮುಗಿದ ಮೇಲೆ ಲ್ಯಾಬಿನ ಕಂಪ್ಯೂಟರಿನಲ್ಲಿ ನೋಡುತ್ತ ಕೂಡುತ್ತೇನೆ. ನಾನು ನೋಡುವ ಜೋಡಿ ಎಷ್ಟು ಒತ್ತೊತ್ತಾಗಿದೆಯೆಂದರೆ, ಆಕಾಶದಲ್ಲಿ ಅದು ಒಂದೇ ಚುಕ್ಕೆ. ಆದರೆ ಅದರ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ಎರಡು ನಕ್ಷತ್ರಗಳೂ ಕಾಣುತ್ತವೆ, ಅವುಗಳ ಸುತ್ತ ತಿರುಗುವ ಅನಿಲವೂ ಕಾಣುತ್ತದೆ.

ಎರಡು ವರ್ಷದ ಹಿಂದೆ ನಿಪ್ಪಾಣಿಯ ಮಹಿಳಾ ಕಾಲೇಜೊಂದು ವಿಜ್ಞಾನ ದಿನಕ್ಕೆ ನನ್ನನ್ನು ಕರೆಯಿತು. "ಇಂಗ್ಲಿಷಿನ್ಯಾಗ ಮಾತಾಡ್ರಿ ಮ್ಯಾಡಮ್, ಮರಾಠಿ ಹುಡುಗ್ಯಾರೂ ಅದಾರ," ಎಂದು ಕರೆದವರು ಹೇಳಿದರು.

"ಸಂತ್ಯಾಗ ಅವರು ಇಂಗ್ಲಿಷಿನ್ಯಾಗ ಕಾಯಿಪಲ್ಲೆ ಕೇಳ್ತಾರೇನ್ರಿ?" ಅಂದೆ. "ನಾ ಕನ್ನಡದಾಗ ಹೇಳ್ತೀನಿ. ಮರಾಠಿಯೊಳಗ ಕೇಳಿದ್ರ ಮರಾಠಿಯೊಳಗ ಉತ್ತರ ಕೊಡ್ತೀನಿ."

ಅವತ್ತು ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಅವಳು ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದಳು. ನಾನು ಕರಿಹಲಗೆಯ ಮೇಲೆ ಚಿತ್ರ ಬರೆದು ಹೇಳಿದೆ: ಎರಡರಲ್ಲಿ ಭಾರವಾದ ನಕ್ಷತ್ರ ಬೇಗ ಮುಪ್ಪಾಗಿ ಉಬ್ಬುತ್ತದೆ. ಒಂದು ಮಿತಿ ದಾಟಿದ ಮೇಲೆ ಅದರ ಹೊರಪದರ ಇನ್ನೊಂದರ ಕಡೆ ಹರಿಯುತ್ತದೆ. ಎರಡೂ ತಿರುಗುತ್ತಲೇ ಇರುವುದರಿಂದ ಆ ಅನಿಲ ನೆಟ್ಟಗೆ ಹೋಗಿ ಬೀಳದೆ, ಸುತ್ತಿ ಸುತ್ತಿ ತಟ್ಟೆಯಂತೆ ಹರಡಿಕೊಳ್ಳಬಹುದು. ಕೊನೆಗೆ ಹಗುರವಾಗಿದ್ದದ್ದು ಭಾರವಾಗುತ್ತದೆ, ಭಾರವಾಗಿದ್ದದ್ದು ಹಗುರವಾಗುತ್ತದೆ. ಹುಡುಗಿಯರು ಗದ್ದಲವಿಲ್ಲದೆ ಕೇಳಿದರು.

ಆಮೇಲೆ ಆಡಳಿತ ಮಂಡಳಿಯ ಹಿರಿಯರೊಬ್ಬರು ಅಧ್ಯಕ್ಷ ಭಾಷಣಕ್ಕೆ ಎದ್ದರು.

"ಮ್ಯಾಡಮ್ಮಾರು ಭಾಳ ಛಲೋ ಹೇಳಿದ್ರು. ಒಂದು ನಕ್ಷತ್ರ ತನ್ನದೆಲ್ಲ ಇನ್ನೊಂದಕ್ಕ ಧಾರಿ ಎರೀತೈತಿ. ಇದ ನೋಡ್ರಿ ಹೆಂಡತಿ ಧರ್ಮ. ಹುಡುಗ್ಯಾರು ಇದನ್ನ ನೆನಪಿಡಬೇಕು."

ಅವರು ಕೂತ ಕೂಡಲೇ ಎದ್ದು ಹೋಗಿ ಮೈಕು ಹಿಡಿದೆ.

"ಸರ್, ಒಂದು ತಪ್ಪಾಗೇತ್ರಿ, ತಿದ್ದಬೇಕು. ಆ ನಕ್ಷತ್ರ ಯಾರಿಗೂ ದಾನ ಕೊಡಾಂಗಿಲ್ಲ. ಉಬ್ಬಿದ ಮ್ಯಾಲ ಹೊರಗಿನ ಪದರ ಅದರ ಹಿಡಿತಕ್ಕ ಸಿಗವಲ್ದು, ಅದಕ್ಕ ಹರದು ಹೋಗತೈತಿ. ಅವು ಗಂಡನೂ ಅಲ್ಲ, ಹೆಂಡತಿನೂ ಅಲ್ಲ."

"ಹೋಲಿಕಿ ರೀ ಮ್ಯಾಡಮ್, ತಿಳೀಲಿ ಅಂತ," ಎಂದು ಅವರು ಕೂತಲ್ಲಿಂದಲೇ ನಕ್ಕರು.

"ತಪ್ಪು ಹೋಲಿಕಿಂದ ತಪ್ಪ ತಿಳೀತೈತ್ರಿ," ಅಂದೆ.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ನಾನು ಮೈಕು ಬಿಡಲಿಲ್ಲ. ಅಷ್ಟರಲ್ಲಿ ನಡುವಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಮ್ಯಾಡಮ್, ಸಗಳಾ ಗ್ಯಾಸ್ ದುಸರೀಕಡೇಚ ಜಾತೋ ಕಾ?" ಎಂದಳು. ಎಲ್ಲ ಅನಿಲವೂ ಇನ್ನೊಂದಕ್ಕೇ ಸೇರುತ್ತದೆಯೇ ಎಂಬುದು ಅವಳ ಪ್ರಶ್ನೆ. ಇಲ್ಲ, ಸ್ವಲ್ಪ ಎರಡನ್ನೂ ಬಿಟ್ಟು ಹೊರಗೆ ಹೋಗುತ್ತದೆ, ಎಷ್ಟು ಹೋಗುತ್ತದೆ ಎಂಬುದು ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ, ನಾನು ಹುಡುಕುತ್ತಿರುವುದೂ ಅದನ್ನೇ ಎಂದು ಮರಾಠಿಯಲ್ಲಿ ಹೇಳಿದೆ. ಅವಳು ಇನ್ನೂ ಕೇಳುವವಳಿದ್ದಳು, ಆದರೆ ವಂದನಾರ್ಪಣೆ ಶುರುವಾಯಿತು.

ಚಹಾಕ್ಕೆ ನಮ್ಮನ್ನು ಯಾರೂ ಕರೆಯಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿನ್ನುತ್ತ ಅವ್ವ ಕೇಳಿದಳು, "ಆ ಹಿರ್‍ಯಾ ಮನಷ್ಯಾಗ ಹಂಗ್ಯಾಕ ಅಂದಿ?"

"ಅವರು ಹೇಳಿದ್ದು ಸುಳ್ಳಿತ್ತವ್ವ."

"ಇನ್ನ ಕರಿಯಾಂಗಿಲ್ಲ ನೋಡು ನಿನ್ನ."

"ಕರೀದಿದ್ರ ಬಿಡಲಿ."

ಅವಳು ಇನ್ನೊಂದು ಭಜಿ ನನ್ನ ಕೈಗಿಟ್ಟಳು.

ಅವಳು ಹೇಳಿದಂತೆಯೇ ಆಯಿತು, ಆ ಕಾಲೇಜು ನನ್ನನ್ನು ಮತ್ತೆ ಕರೆಯಲಿಲ್ಲ. ಆದರೆ ಪ್ರಶ್ನೆ ಕೇಳಿದ ಹುಡುಗಿ ಒಂದು ಭಾನುವಾರ ಗೆಳತಿಯರನ್ನು ಕಟ್ಟಿಕೊಂಡು ಬಸ್ಸು ಹತ್ತಿ ಚಿಕ್ಕೋಡಿಗೆ ಬಂದಳು. ಮುಂದಿನ ಭಾನುವಾರವೂ ಬಂದಳು. ನಮ್ಮ ಮನೆಯ ನೆಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆ ಜೋಡಿಯ ಬೆಳಕನ್ನು ಕೂಡಿಯೇ ನೋಡಿದೆವು. ನನ್ನ ಪ್ರಬಂಧ ಒಮ್ಮೆ ತಿರಸ್ಕೃತವಾಗಿ ಬಂತು. ತಿದ್ದಿ ಮತ್ತೆ ಕಳಿಸಿದೆ, ಅಚ್ಚಾಯಿತು.

ಈ ವರ್ಷ ಆ ಹುಡುಗಿ ಎಂ.ಎಸ್ಸಿ.ಗೆ ಹೋಗುತ್ತೇನೆಂದು ಹಟ ಹಿಡಿದಾಗ ಅವಳ ಅಪ್ಪ ನನಗೆ ಫೋನ್ ಮಾಡಿದರು. "ನಿಮ್ಮ ಮಾತು ಕೇಳ್ತಾಳ, ನೀವರ ಬ್ಯಾಡ ಅಂತ ಒಂದೀಟು ತಿಳಿಸಿ ಹೇಳ್ರಿ," ಅಂದರು.

ನಾನು ಅವರಿಗೇ ಒಂದು ತಾಸು ತಿಳಿಸಿ ಹೇಳಿದೆ.