ಗಾಜಿನ ಮೇಲಿನ ಮೂರು ಎಳೆ

ಬಸ್ಸು ಹಳದೀಪುರದ ಹತ್ತಿರ ಕೆಟ್ಟು ನಿಲ್ಲಬಹುದಿತ್ತು. ಬಿಸಿಲಿಗೆ ಮೇಣ ಕರಗಬಹುದಿತ್ತು. ಪಕ್ಕದವರು ನನ್ನ ಚೀಲವನ್ನು ತಮ್ಮದೆಂದುಕೊಂಡು ಎತ್ತಿಕೊಂಡು ಇಳಿಯಬಹುದಿತ್ತು. ಹೆಸರು ಅದಲುಬದಲಾಗಿ ಇನ್ಯಾರದೋ ರೋಗ ನನ್ನ ತಂಗಿಯ ತಲೆಗೆ ಬರಬಹುದಿತ್ತು. ಕತ್ತರಿಸುವಾಗ ಬ್ಲೇಡು ಕೈಕೊಡಬಹುದಿತ್ತು. ಫ್ರಿಜ್ಜಿನಲ್ಲಿದ್ದ ಔಷಧ ಹಾಳಾಗಿರಬಹುದಿತ್ತು. ಕಂಪ್ಯೂಟರಿಗೆ ವೈರಸ್ ಹೊಕ್ಕಿರಬಹುದಿತ್ತು. ಕರೆಂಟು ಹೋಗಬಹುದಿತ್ತು, ಆ ದಿನಗಳ ಕುಮಟೆಯಲ್ಲಿ ಇದೊಂದನ್ನು ಚಿಂತೆ ಎನ್ನುವುದಕ್ಕಿಂತ ದಿನಚರಿ ಎನ್ನಬೇಕು. ಇಷ್ಟನ್ನೂ ನಾನು ಹೊನ್ನಾವರದಿಂದ ಕುಮಟೆಗೆ ಅರ್ಧ ದಾರಿ ಬರುವಷ್ಟರಲ್ಲಿ ಯೋಚಿಸಿ ಮುಗಿಸಿದೆ. ಇನ್ನೂ ದಾರಿ ಉಳಿದಿದ್ದರಿಂದ ಮೊದಲಿನಿಂದ ಇನ್ನೊಮ್ಮೆ ಯೋಚಿಸಿದೆ.

ಮುಂದೆ ಹೇಳಲಿರುವಂಥ, ಪವಾಡದಂತೆ ಕಾಣುವ ಅನುಭವಗಳನ್ನು ಬರೆಯುವವರನ್ನು ನಾನು ಹಿಂದೆ ನಂಬುತ್ತಿರಲಿಲ್ಲ. ಓದಿದ ಮೇಲೆ ಹೆಂಡತಿಗೆ ಓದಿ ಹೇಳಿ ನಗುತ್ತಿದ್ದೆ. ನನ್ನ ಕೆಲಸವೇ ಹಾಗಿತ್ತು. ಕುಮಟೆಯ ಒಂದು ಚಿಕ್ಕ ಲ್ಯಾಬಿನಲ್ಲಿ, ರೋಗಿಗಳ ಮೈಯಿಂದ ತೆಗೆದ ತುಂಡನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಪಟ್ಟಿಗೆ ಅಂಟಿಸಿ, ಬಣ್ಣ ಹಾಕಿ ಕೊಡುವುದು. ಕಣ್ಣಿಗೆ ಕಾಣುವುದಷ್ಟೇ ಲೆಕ್ಕ. ದೇವರೊಂದಿಗೆ ನನಗೆ ವ್ಯವಹಾರವಿರಲಿಲ್ಲ; ಇದ್ದ ಭಕ್ತಿಯೆಲ್ಲ ಚಿಂತೆಯ ಮೇಲೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಮಾವಳ್ಳಿಗೆ ಕೊಟ್ಟ ನನ್ನ ತಂಗಿ ಸುಮಿತ್ರೆಗೆ ಎದೆಯಲ್ಲಿ ಗಂಟು ಕಾಣಿಸಿತು. ಹೊನ್ನಾವರದಲ್ಲಿ ಸೂಜಿ ಹಾಕಿ ಶ್ಯಾವಿಗೆಯಂಥ ಮೂರು ಎಳೆ ತೆಗೆದರು. ಕ್ಯಾನ್ಸರ್ ಎಂದು ಗೊತ್ತಾಯಿತು. ಆದರೆ ಯಾವ ಜಾತಿಯದು? ಹಾರ್ಮೋನಿಗೆ ಬಗ್ಗುವ ಜಾತಿಯಾದರೆ ಆಪರೇಶನ್ ಮಾಡಿ ವರ್ಷಗಟ್ಟಲೆ ಗುಳಿಗೆ ಕೊಟ್ಟರೆ ಉಳಿಯುವ ಆಸೆ ಹೆಚ್ಚು. ಅಲ್ಲವಾದರೆ ಗುಳಿಗೆಯಿಂದ ಪ್ರಯೋಜನವಿಲ್ಲ, ಮುಂದಿನ ಮಾತನ್ನು ಡಾಕ್ಟರುಗಳು ದನಿ ತಗ್ಗಿಸಿ ಆಡುತ್ತಾರೆ. ಅದನ್ನು ತಿಳಿಯುವ ಬಣ್ಣದ ಪರೀಕ್ಷೆ ನಮ್ಮ ಲ್ಯಾಬಿನಲ್ಲಿ ಹೊಸದಾಗಿ ಶುರುವಾಗಿತ್ತು. ಹಾರ್ಮೋನಿನ ಗುರುತು ಇರುವ ಜೀವಕೋಶ ಕಂದು ಬಣ್ಣಕ್ಕೆ ತಿರುಗುತ್ತದೆ, ಇಲ್ಲದ್ದು ನೀಲಿಯಾಗಿ ಉಳಿಯುತ್ತದೆ. ನಮ್ಮ ಡಾಕ್ಟರಮ್ಮ ಮೈಕ್ರೋಸ್ಕೋಪಿಗೆ ಕ್ಯಾಮೆರಾ ಕೂರಿಸಿ, ಚಿತ್ರವನ್ನು ಕಂಪ್ಯೂಟರಿಗೆ ಹಾಕಿ, ಕಂದು ಎಷ್ಟು ನೀಲಿ ಎಷ್ಟು ಎಂದು ಎಣಿಸುವ ಪ್ರೋಗ್ರಾಮೊಂದನ್ನು ಗೆಳೆಯರಿಂದ ತರಿಸಿದ್ದರು. ಕಂಪ್ಯೂಟರು ಎಣಿಸಿದ ಮೇಲೆ ತಾವೂ ಕೂತು ಎಣಿಸುತ್ತಿದ್ದರು. ಆ ಕಾರಣಕ್ಕೇ ನನಗೆ ಅವರ ಮೇಲೆ ಗೌರವ.

ಆ ಎಳೆಗಳನ್ನು ಕೂರಿಸಿದ್ದ ಮೇಣದ ಬಿಲ್ಲೆಯನ್ನು ತರಲು ನಾನೇ ಹೊನ್ನಾವರಕ್ಕೆ ಹೋಗಿದ್ದೆ. ಸುಮಿತ್ರೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು. ನಾನು ಬಿಲ್ಲೆಯನ್ನು ಒದ್ದೆ ಕರ್ಚೀಫಿನಲ್ಲಿ ಸುತ್ತಿ ಟಿಫಿನ್ ಡಬ್ಬಿಗೆ ಹಾಕುವುದನ್ನು ನೋಡಿ, "ಅಣ್ಣ, ಅದ್ರ ಸಂತಿಗೆ ಉಪ್ಪಿನಕಾಯಿಯೂ ಹಾಕ್ಕೊ" ಎಂದಳು.

"ಸುಮ್ನಿರೆ. ಬಿಸಿಲು ಎಷ್ಟದೆ ನೋಡು."

"ನಂಗೆ ಆ ಗಂಟಿನ ಹೆದ್ರಿಕೆ ಇಲ್ಲ ಮಾರಾಯ. ನಿನ್ನ ಕೈಯಿಂದೇ ಹೆದ್ರಿಕೆ. ನಡುಗ್ಸಿ ಕೆಡಸ್ಬೇಡ, ಆತಾ?"

ನಗುತ್ತಲೇ ಹೇಳಿದಳು. ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ಬೆಳ್ಳಗಾಗಿದ್ದು ನನಗೆ ಕಂಡಿತು.

ಕುಮಟೆಯಲ್ಲಿ ಕತ್ತರಿಸಲು ಕೂತಾಗ ಬಿಲ್ಲೆಯಲ್ಲಿ ಉಳಿದದ್ದು ಬಹಳ ಕಡಿಮೆ ಎಂದು ಗೊತ್ತಾಯಿತು. ಮೊದಲ ಪರೀಕ್ಷೆಗೇ ಹೆಚ್ಚಿನದು ಮುಗಿದಿತ್ತು. ಒಂದೇ ಗಾಜಿಗಾಗುವಷ್ಟು ಸಿಕ್ಕಿತು: ಮೂರು ಎಳೆ, ಒಂದರ ಪಕ್ಕ ಒಂದು. ಅದು ಕೆಟ್ಟರೆ ಮತ್ತೆ ಸೂಜಿ, ಮತ್ತೆ ಕಾಯುವುದು, ಆಪರೇಶನ್ ಮುಂದಕ್ಕೆ. ಕೈ ನಡುಗಲಿಲ್ಲ. ನಡುಗುವುದಕ್ಕೂ ಹೆದರಿ ಅದು ಸುಮ್ಮನಿತ್ತೆಂದು ಕಾಣುತ್ತದೆ.

ಮರುದಿನ ಬೆಳಿಗ್ಗೆ ಗಾಜನ್ನು ಕುಕ್ಕರಿಗೆ ಹಾಕಿದೆ. ಹೌದು, ಅಡುಗೆಯ ಪ್ರೆಶರ್ ಕುಕ್ಕರೇ, ಪೇಟೆಯಲ್ಲಿ ಕೊಂಡದ್ದು. ಮೇಣದಲ್ಲಿ ಕೂತು ಮುಚ್ಚಿಹೋದ ಗುರುತುಗಳು ಆ ಬಿಸಿಗೆ ತೆರೆದುಕೊಳ್ಳಬೇಕು, ಆಗ ಬಣ್ಣ ಹಿಡಿಯುತ್ತದೆ. ತೊಂದರೆಯೆಂದರೆ ಅದೇ ಬಿಸಿಗೆ ತುಂಡು ಗಾಜಿನಿಂದ ಕಳಚುವುದೂ ಉಂಟು. ಅದಕ್ಕೆಂದೇ ಗಾಜಿಗೆ ಮೊದಲೇ ಅಂಟು ಸವರಿರುತ್ತೇವೆ. ಡಾಕ್ಟರಮ್ಮ ಇನ್ನೂ ಬಂದಿರಲಿಲ್ಲ. ಲ್ಯಾಬಿನಲ್ಲಿ ನಾನು ಮತ್ತು ಕುಕ್ಕರು.

ಆರಿದ ಮೇಲೆ ಮುಚ್ಚಳ ತೆಗೆದು ಗಾಜನ್ನು ಚಿಮಟಿಗೆಯಲ್ಲಿ ಎತ್ತಿದೆ. ಒಂದು ಎಳೆ ಇರಲಿಲ್ಲ. ನಡುವಿನದು ಅರ್ಧ ಎದ್ದು, ಮಡಚಿ, ತುದಿಯಲ್ಲಿ ಮಾತ್ರ ಅಂಟಿಕೊಂಡು ನಿಂತಿತ್ತು. ಮೂರನೆಯದು ಇದ್ದಲ್ಲೇ ಇತ್ತು.

ಗಾಜನ್ನು ಹುಷಾರಾಗಿ ತಟ್ಟೆಯಲ್ಲಿಟ್ಟೆ. ಆಗಲೇ ಫೋನು ಬಡಿದುಕೊಂಡಿತು. ನಮ್ಮೂರು ಮುಟ್ಟಳ್ಳಿಯ ಎಸ್‌ಟಿಡಿ ಬೂತಿನಿಂದ ಅಮ್ಮ.

"ಮಗಾ, ದೇವಿ ಹತ್ರ ಪ್ರಸಾದ ಕೇಳಿಸ್ದೆ. ಈಗಷ್ಟೇ ಗುಡಿಯಿಂದ ಬಂದೆ."

ಪ್ರಸಾದ ಕೇಳುವುದೆಂದರೆ, ಒದ್ದೆ ಮಾಡಿದ ಹೂವಿನ ಎಸಳುಗಳನ್ನು ಮೂರ್ತಿಯ ಮೈಗೆ ಅಂಟಿಸಿ, ಮನಸ್ಸಿನಲ್ಲಿದ್ದದ್ದನ್ನು ಹೇಳಿ ಕಾಯುವುದು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಲ್ಯಾಬಿನಲ್ಲಿ ನಾವು ಅಂಟಿಸಿ ಬೀಳದಿರಲಿ ಎಂದು ಕಾಯುತ್ತೇವೆ, ಗುಡಿಯಲ್ಲಿ ಅವರು ಅಂಟಿಸಿ ಬೀಳಲಿ ಎಂದು ಕಾಯುತ್ತಾರೆ ಎಂದು ನಾನು ಅಮ್ಮನನ್ನು ಎಷ್ಟೋ ಸಲ ಗೇಲಿ ಮಾಡಿದ್ದುಂಟು.

"ಎಂತ ಆತು?" ಎಂದೆ.

"ಮಗಳು ಉಳೀತಾಳ ಕೇಳ್ದೆ. ಭಟ್ರು ಮೂರು ಎಸಳು ಇಟ್ಟಿದ್ರು. ಬಲಗಡೆದು ಬಿತ್ತು ಮಗಾ! ನಡೂಗಿಂದು ಬೀಳೂಕೆ ಬಂದು ಅರ್ಧಕ್ಕೇ ನೇತ್ಕಂಡು ನಿಂತೋತು. ಇನ್ನೊಂದು ಅಲ್ಲಾಡ್ಲೇ ಇಲ್ಲ. ಹಿಂಗೆ ನಿಂತದ್ದು ತಾವೂ ಕಂಡಿಲ್ಲ ಅಂದ್ರು ಭಟ್ರು. ಕೇಳ್ತದ್ಯಾ?"

"ಕೇಳ್ತದೆ" ಎಂದೆ.

ಫೋನಿಟ್ಟು ತಟ್ಟೆಯ ಮುಂದೆ ಬಂದು ನಿಂತೆ. ಹೆಸರು ಬರೆದ ತುದಿಯನ್ನು ಮೇಲಕ್ಕೆ ಮಾಡಿ ನಾವು ಗಾಜು ನೋಡುವುದು ರೂಢಿ. ಹಾಗೆ ನೋಡಿದರೆ ಖಾಲಿ ಇದ್ದದ್ದು ಎಡಗಡೆ. ಎಡ! ಎಡವೆಂದರೆ ಇಲ್ಲ. ಕುರ್ಚಿ ಎಳೆದು ಕೂತೆ. ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು: ಗುಡಿಯಲ್ಲಿ ಬಲ ಎಂದರೆ ದೇವಿಯ ಬಲ. ದೇವಿ ನಮಗೆ ಎದುರು ನಿಂತವಳು, ಆದ್ದರಿಂದ ನೋಡುವ ನಮಗೆ ಅದು ಎಡ. ಅಮ್ಮ ಕಂಡದ್ದೂ ನಾನು ಕಂಡದ್ದೂ ಒಂದೇ ಕಡೆ. ದೇವರನ್ನೇ ನಂಬದ ಮನುಷ್ಯ ಬೆಳಗಿನ ಹೊತ್ತು ಲ್ಯಾಬಿನಲ್ಲಿ ಕೂತು ದೇವರ ಬಲಗೈ ಯಾವುದೆಂದು ಲೆಕ್ಕ ಹಾಕುತ್ತಿದ್ದೆ.

ಡಾಕ್ಟರಮ್ಮ ಬಂದಾಗ ಎಳೆ ಹೋದ ವಿಷಯ ಮಾತ್ರ ಹೇಳಿದೆ. "ಒಂದು ಪೂರ್ತಿ ಉಳಿದಿದೆಯಲ್ಲ, ಸಾಕು. ನೀವು ಮೊದಲು ನೀರು ಕುಡಿಯಿರಿ ಮಾರಾಯ್ರೆ" ಎಂದರು. ಬಣ್ಣ ಹಾಕಿ ಮುಗಿಯುವಾಗ ಮಧ್ಯಾಹ್ನ ದಾಟಿತು. ಕರೆಂಟು ಹೋಗಲಿಲ್ಲ. ಪರದೆಯ ಮೇಲೆ ಚಿತ್ರ ಮೂಡಿತು. ನೀಲಿಯ ನಡುವೆ ಕಂದು, ಒತ್ತಾಗಿ, ಎಲ್ಲೆಲ್ಲೂ ಕಂದು. ಕಂಪ್ಯೂಟರು ಎಣಿಸಿತು, ಅವರು ಎಣಿಸಿದರು. ಮಡಚಿದ ಎಳೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಎರಡು ಪದರ ಸೇರಿ ಬಣ್ಣ ಸುಳ್ಳು ಹೇಳುತ್ತದೆ. ಎರಡೂ ಲೆಕ್ಕ ತಾಳೆಯಾದ ಮೇಲೆ ನನ್ನ ಕಡೆ ತಿರುಗಿ, "ಗುಳಿಗೆಗೆ ಬಗ್ಗುವ ಜಾತಿ. ತಂಗಿಗೆ ಫೋನು ಮಾಡಿ" ಎಂದರು.

ಆಪರೇಶನ್ ಆಯಿತು. ಗುಳಿಗೆ ವರ್ಷಗಟ್ಟಲೆ ನಡೆಯಿತು. ಸುಮಿತ್ರೆ ಇದ್ದಾಳೆ. ಈಗಲೂ ಊಟಕ್ಕೆ ನಮ್ಮ ಮನೆಗೆ ಕರೆದಾಗ ನನ್ನ ಟಿಫಿನ್ ಡಬ್ಬಿ ತೋರಿಸಿ, "ಎಂತ ಅಣ್ಣ, ಇದ್ರಲ್ಲಿ ಯಾರ್ನ ತಂದೆ?" ಎಂದು ಕೇಳುತ್ತಾಳೆ.

ಗುಡಿಯ ಸಂಗತಿಯನ್ನು ಡಾಕ್ಟರಮ್ಮನಿಗೆ ತಿಂಗಳುಗಳ ಮೇಲೆ ಹೇಳಿದೆ. ಅವರು ನಗಲಿಲ್ಲ. "ಅಂಟು ಕಡಿಮೆಯಾಗಿರಬೇಕು" ಎಂದರು. ಇರಬಹುದು. ಎಳೆ ಕಳಚುವುದು ನಮಗೆ ಹೊಸತಲ್ಲ, ಎಸಳು ಬೀಳುವುದು ಭಟ್ಟರಿಗೆ ಹೊಸತಲ್ಲ. ಆದರೆ ನಡುವಿನದು ಅರ್ಧಕ್ಕೆ ನಿಂತದ್ದಕ್ಕೆ ಯಾವ ಅಂಟನ್ನು ದೂರಲಿ? ನಾನು ಬಾಯಿ ಬಿಡುವ ಮೊದಲೇ ಅಮ್ಮ ಅದನ್ನು ಹೇಳಿದ್ದಕ್ಕೆ? ಇಷ್ಟು ವರ್ಷ ಯೋಚಿಸಿದ್ದೇನೆ. ಯೋಚನೆಯಲ್ಲಿ ನಾನು ಸೋಮಾರಿಯಲ್ಲ. ಈಗಲೂ ದೇವರನ್ನು ನಂಬುತ್ತೇನೆಂದು ಹೇಳಲಾರೆ, ಅಮ್ಮನನ್ನು ಗೇಲಿ ಮಾಡುವುದನ್ನು ಮಾತ್ರ ಬಿಟ್ಟಿದ್ದೇನೆ.

ಬಸ್ಸು ಕೆಡಲಿಲ್ಲ, ಮೇಣ ಕರಗಲಿಲ್ಲ, ಹೆಸರು ಬದಲಾಗಲಿಲ್ಲ. ಆ ದಿನ ಎಲ್ಲ ಮುಗಿದ ಮೇಲೆ ಕುಕ್ಕರಿನ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿದೆ. ತಳ, ಮುಚ್ಚಳ, ರಬ್ಬರಿನ ಉಂಗುರ, ಎಲ್ಲ ಕಡೆ ಬೆಳಕು ಹಿಡಿದು ಹುಡುಕಿದೆ. ಕಳಚಿದ ಎಳೆ ಕುಕ್ಕರಿನಲ್ಲೇ ಇರಬೇಕು, ಬೇರೆಲ್ಲಿಗೆ ಹೋಗಲು ಸಾಧ್ಯ? ಅದು ಸಿಗಲಿಲ್ಲ.