ಜೆಲ್ ಪ್ಯಾಡಿಗೆ ವಿಭೂತಿ

ಕಳೆದ ಭಾನುವಾರ ಹುಮನಾಬಾದಿನ ಫಂಕ್ಷನ್ ಹಾಲ್‌ನಲ್ಲಿ ಪಕ್ಕದ ಕುರ್ಚಿಯ ಹೆಂಗಸು ನನ್ನನ್ನು ಕೇಳಿದಳು: "ಅಕ್ಕಾ, ಈ ಜೆಲ್ ಪ್ಯಾಡ್ ಎಷ್ಟು ದಿನ ಬಾಳ್ತಾವ್ರಿ?" ಅವಳ ಮಗಳು ಹೊಸದಾಗಿ ಸ್ಕೇಟಿಂಗ್ ಸೇರಿದ್ದಾಳೆ. "ಹ್ಯಾಂಗ ಇಟ್ಕೋತೀರಿ ಅದರ ಮ್ಯಾಲ ಅದಾರಿ," ಎಂದಷ್ಟೇ ಹೇಳಿದೆ. ಹೇಳುವುದು ಬಹಳ ಇತ್ತು. ಆದರೆ ಅತ್ತೆ ಹೋದಾಗಿನಿಂದ ನನಗೆ ಯಾವ ಮಾತನ್ನೂ ಉದ್ದ ಮಾಡಲು ಮನಸ್ಸಾಗುವುದಿಲ್ಲ.

ನಮ್ಮ ಕಡೆ ಮಂಜುಗಡ್ಡೆ ಇರುವುದು ಕಬ್ಬಿನ ಹಾಲಿನ ಬಂಡಿಯಲ್ಲಿ ಮಾತ್ರ. ಹಾಗಾಗಿ ನನ್ನ ಮಗಳ ಫಿಗರ್ ಸ್ಕೇಟಿಂಗ್ ನಡೆಯುವುದು ಚಕ್ರದ ಬೂಟಿನ ಮೇಲೆ. ಒಂದೇ ಕಾಲಲ್ಲಿ ಜಾರುವುದು, ಹಾರಿ ತಿರುಗಿ ಇಳಿಯುವುದು, ಇಳಿಯಲಾಗದಿದ್ದರೆ ಬೀಳುವುದು. ನಾವಿರುವುದು ಬಸವಕಲ್ಯಾಣದಲ್ಲಿ, ಕಲಿಸುವ ಸರ್ ಬರುವುದು ಹುಮನಾಬಾದಿಗೆ. ವಾರಕ್ಕೊಮ್ಮೆ ಬೂಟಿನ ಚೀಲ ಹೆಗಲಿಗೇರಿಸಿ ಬಸ್ಸು ಹತ್ತುತ್ತೇವೆ. ಮದುವೆ ಇಲ್ಲದ ದಿನ ಮಾತ್ರ ಹಾಲ್ ನಮ್ಮದು. ಮದುವೆಯ ಮರುದಿನವಾದರೆ ತಾಯಂದಿರೆಲ್ಲ ಸೇರಿ ಮೊದಲು ನೆಲ ಗುಡಿಸಬೇಕು, ಏಕೆಂದರೆ ಚಕ್ರದ ಕೆಳಗೆ ಒಂದು ಅಕ್ಷತೆ ಕಾಳು ಸಿಕ್ಕರೂ ಸಾಕು, ಮಗು ನೆಲ ಕಚ್ಚುತ್ತದೆ. ಯಾರದೋ ಮದುವೆಯ ಆಶೀರ್ವಾದಕ್ಕೆ ನಮ್ಮ ಮಕ್ಕಳು ಬೀಳಬೇಕೇ ಎಂದು ನನಗೆ ಸಿಟ್ಟು ಬರುತ್ತಿತ್ತು. ಆಗ ನನಗೆ ಸಿಟ್ಟು ಬರುತ್ತಿತ್ತು.

ಬೂಟು ಉಜ್ಜಿ ಉಜ್ಜಿ ಮಗಳ ಕಾಲಿನ ಕೀಲೆಲುಬು ಕೆಂಪಾದಾಗ ಸರ್ ಜೆಲ್ ಪ್ಯಾಡ್ ತರಿಸಲು ಹೇಳಿದರು. ಬೂಟಿನೊಳಗೆ ಕೀಲಿಗೆ ಏರಿಸಿಕೊಳ್ಳುವ ಮೆತ್ತನೆಯ ಬಟ್ಟೆಯ ಚೀಲ, ಅದರ ಒಳಮೈಗೆ ಅಂಗೈ ಅಗಲದ ಜೆಲ್ಲಿನ ಬಿಲ್ಲೆ. ಮನೆಗೆ ತಂದ ದಿನ ಅತ್ತೆ ಅದನ್ನು ಬೆರಳಲ್ಲಿ ಒತ್ತಿ ನೋಡಿದರು. "ಎಮ್ಮಿ ಗಿಣ್ಣ ಇದ್ದಂಗ ಅದಾ ಅಲ್ಲ! ಇದಕ್ಕ ಇಷ್ಟ್ ರೊಕ್ಕ ಕೊಟ್ಟೀರೇನು?" ಎಂದು ಮೂಗು ಮುರಿದರು. ಮೂಗು ಮುರಿದವರೇ ಮರುದಿನದಿಂದ ಅದರ ಉಸ್ತುವಾರಿ ವಹಿಸಿಕೊಂಡರು. ನಮ್ಮ ಮನೆಯಲ್ಲಿ ಒಗೆಯುವುದು, ಒಣಗಿಸುವುದು, ಮಡಚುವುದು ಎಲ್ಲ ಅವರ ರಾಜ್ಯ. ಗಂಡನ ಬಟ್ಟೆ ಅಂಗಡಿಯಿಂದ ಹೊಸ ಥಾನು ಮನೆಗೆ ಬಂದರೂ ಮೊದಲು ಅವರು ಮುಟ್ಟಿ ನೋಡಬೇಕು.

ಮೊದಲ ಜೋಡಿಯನ್ನು ಅತ್ತೆ ಒಂದೇ ಬೇಸಿಗೆಯಲ್ಲಿ ಮುಗಿಸಿದರು. ಬಟ್ಟೆ ಸೋಪು ಹಚ್ಚಿ, ಬ್ರಷ್ಷಿನಲ್ಲಿ ತಿಕ್ಕಿ, ಮಾಳಿಗೆಯ ಮೇಲೆ ಶಾವಿಗೆಯ ಪಕ್ಕದಲ್ಲಿ ಬಿಸಿಲಿಗಿಟ್ಟರು. ನಮ್ಮ ಬಿಸಿಲಿಗೆ ಶಾವಿಗೆ ಗರಿಗರಿಯಾಯಿತು, ಜೆಲ್ ಎಣ್ಣೆ ಬಿಟ್ಟುಕೊಂಡು ಕರಗಿ ಅಂಟಂಟಾಯಿತು. ಕೂದಲು, ದಾರ, ಶಾವಿಗೆಯ ಚೂರು ಎಲ್ಲ ಅದಕ್ಕೆ ಮೆತ್ತಿಕೊಂಡವು. ಎರಡನೇ ಜೋಡಿ ಕೊಡಿಸುವಾಗ ಸರ್ ನನಗೆ ಪಾಠ ಹೇಳಿದರು. ಬರಿಯ ತಣ್ಣೀರು, ಸ್ವಲ್ಪವೇ ಮೈಸೋಪು, ಹಿಂಡಬಾರದು, ನೆರಳಲ್ಲಿ ಆರಬೇಕು, ಆರಿದ ಮೇಲೆ ಅಂಟದಂತೆ ಪೌಡರ್ ಉದುರಿಸಬೇಕು. ಆಗಾಗ ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಕೂಡಲೇ ಮೇಲೆ ಬಂದರೆ ಜೀವ ಇದೆ ಎಂದರ್ಥ. ಗುಳಿ ಹಾಗೇ ಉಳಿದರೆ ಅದರ ಕೆಲಸ ಮುಗಿಯಿತು, ಎಸೆಯುವುದು.

ಇದನ್ನೆಲ್ಲ ಅತ್ತೆಗೆ ಒಪ್ಪಿಸಿದೆ. ಅವರು ಎಲ್ಲವನ್ನೂ ಪಾಲಿಸಿದರು, ತಮ್ಮದೇ ರೀತಿಯಲ್ಲಿ. ಕೂಡಲೇ ಎಂದರೆ ಎಷ್ಟು ಹೊತ್ತು ಎಂಬುದಕ್ಕೆ ಅವರೊಂದು ಅಳತೆ ಕಂಡುಕೊಂಡರು. ಒತ್ತಿದ ಬೆರಳು ತೆಗೆದು ಒಮ್ಮೆ "ಓಂ ನಮಃ ಶಿವಾಯ" ಎನ್ನುವಷ್ಟರಲ್ಲಿ ಜೆಲ್ ಮೇಲೆ ಬರಬೇಕು. ಪೌಡರನ್ನು ಮಾತ್ರ ಅವರು ಜನ್ಮದಲ್ಲಿ ಮುಟ್ಟಿದವರಲ್ಲ. ಪೂಜೆಯ ಗೂಡಿನಿಂದ ವಿಭೂತಿ ಗಟ್ಟಿ ತಂದು, ಕಲ್ಲಿನ ಮೇಲೆ ತೇಯ್ದು, ತೆಳು ಬಟ್ಟೆಯಲ್ಲಿ ಸೋಸಿ ಆ ಬೂದಿಯನ್ನೇ ಸವರಿದರು.

ಆ ವಾರ ಹಾಲ್‌ನಲ್ಲಿ ಮಗಳು ಬೂಟು ಬಿಚ್ಚಿದಾಗ ಎರಡೂ ಕಾಲಿನ ಕೀಲಿನ ಸುತ್ತ ಬೂದು ಬಳೆ. ಮಕ್ಕಳೆಲ್ಲ ನಕ್ಕರು. ಮನೆಗೆ ಬಂದು ನಾನು ರೇಗಿದೆ, "ಅತ್ತಿ, ಕಾಲಿಗಿ ಯಾರರ ವಿಭೂತಿ ಹಚ್ತಾರೇನ್ರಿ?"

"ಬೀಳೋದು ಯಾವುದರ ಮ್ಯಾಲ? ಹಣಿ ಮ್ಯಾಲ ಏನು?" ಎಂದರು ಅವರು. "ಎಲ್ಲಿ ಪೆಟ್ಟು ಬೀಳ್ತದೋ ಅಲ್ಲೇ ಹಚ್ಚಬೇಕು."

ನಿಜ ಹೇಳಬೇಕೆಂದರೆ ವಿಭೂತಿ ಪೌಡರಿಗಿಂತ ಚೆನ್ನಾಗಿಯೇ ಕೆಲಸ ಮಾಡಿತು. ಬೇರೆ ಮಕ್ಕಳ ಪ್ಯಾಡುಗಳು ಅಂಚು ಬಿಟ್ಟು, ಹಳದಿಯಾಗಿ, ಬದಲಾಗುತ್ತ ಹೋದವು. ನಮ್ಮದು ನೋಡಲು ಮಾಸಿದ್ದರೂ ಒತ್ತಿದರೆ ಪುಟಿದು ಬರುತ್ತಿತ್ತು. ಅತ್ತೆಯ ಮುಖದಲ್ಲಿ ಆಗಿನ ಜಂಬ ನೋಡಬೇಕಿತ್ತು.

ಆಮೇಲೆ ಅವರಿಗೆ ಲಕ್ವಾ ಹೊಡೆಯಿತು. ಬೆಳಿಗ್ಗೆ ಪೂಜೆಗೆ ಕುಳಿತವರು ಏಳಲಿಲ್ಲ. ಬಲಗಡೆ ಪೂರ್ತಿ ಹೋಯಿತು, ಮಾತು ಅರ್ಧ ಹೋಯಿತು. ಮೊದಲೇ ಸಕ್ಕರೆ ಕಾಯಿಲೆ. ಪಾದಗಳಿಗೆ ಎಂದಿನಿಂದಲೋ ಸ್ಪರ್ಶವೇ ಇರಲಿಲ್ಲ, ಚಪ್ಪಲಿ ಜಾರಿಹೋದರೂ ಗೊತ್ತಾಗುತ್ತಿರಲಿಲ್ಲ. ಹಾಸಿಗೆ ಹಿಡಿದ ಕೆಲವೇ ದಿನಗಳಲ್ಲಿ ಬಲ ಹಿಮ್ಮಡಿ ಕೆಂಪಾಯಿತು. ನೋಡಲು ಬಂದ ಡಾಕ್ಟರು ನನ್ನನ್ನು ಹೊರಗೆ ಕರೆದು, "ಹಿಮ್ಮಡದ ಚರ್ಮ ಒಡೀಬಾರದು ನೋಡ್ರಿ. ಒಮ್ಮೆ ಒಡೀತಂದ್ರ ಈ ಶುಗರ್‌ನಾಗ ಮಾಯಂಗಿಲ್ಲ. ಕಾಲೇ ತೆಗೀಬೇಕಾಗ್ತದ," ಎಂದರು. ನಾನು ತಲೆಯಾಡಿಸಿದೆ. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಒಲೆಯ ಮೇಲೆ ಬೇಳೆ ಇಟ್ಟಿದ್ದೆ, ಹೋಗಿ ಅದನ್ನು ಇಳಿಸಿದೆ.

ಹಿಮ್ಮಡಿಗೆ ಪ್ಯಾಡು ಕಟ್ಟಿದವಳು ಮಗಳು. ಸಂಜೆ ಶಾಲೆಯಿಂದ ಬಂದವಳು ಯಾರನ್ನೂ ಕೇಳದೆ ತನ್ನ ಬೂಟಿನ ಚೀಲದಿಂದ ಪ್ಯಾಡು ತೆಗೆದು, ಅದರ ಬಟ್ಟೆಯ ಹೊಲಿಗೆಯನ್ನು ಕತ್ತರಿಯಿಂದ ಬಿಡಿಸಿ, ಜೆಲ್ಲಿನ ಬಿಲ್ಲೆ ಹಿಮ್ಮಡಿಯ ಕೆಳಗೆ ಬರುವಂತೆ ಸಡಿಲವಾಗಿ ಕಟ್ಟಿದಳು. ಡಾಕ್ಟರು ನೋಡಿ, ಆಗಲಿ, ಆದರೆ ದಿನವೂ ಬಿಚ್ಚಿ ಚರ್ಮ ನೋಡಿ ಎಂದರು. "ನಿನಗ ಬೇಕಲ್ಲಾ?" ಎಂದು ನಾನು ಕೇಳಿದರೆ ಮಗಳು, "ನನ್ನ ಕಾಲು ಬಿದ್ರ ಏಳ್ತದ," ಎಂದಳು. ಕೆಲವು ವಾರ ಅವಳು ಕೀಲಿಗೆ ಹತ್ತಿ ಸುತ್ತಿಕೊಂಡು ಸ್ಕೇಟಿಂಗ್ ಮಾಡಿದಳು. ಆಮೇಲೆ ಅವಳಪ್ಪ ಅವಳಿಗೆ ಹೊಸ ಜೋಡಿ ತರಿಸಿಕೊಟ್ಟರು. ಹಳೆಯದು ಅತ್ತೆಯ ಕಾಲಲ್ಲೇ ಉಳಿಯಿತು.

ಅಂದಿನಿಂದ ನನ್ನ ದಿನ ಆ ಹಿಮ್ಮಡಿಯಿಂದ ಶುರುವಾಗುತ್ತಿತ್ತು. ಪ್ಯಾಡು ಬಿಚ್ಚುವುದು, ಚರ್ಮ ಕೆಂಪಾಗಿದೆಯೇ ನೋಡುವುದು, ಒರೆಸುವುದು, ಪ್ಯಾಡು ತೊಳೆದು ನೆರಳಿಗೆ ಹಾಕುವುದು, ಅದು ಆರುವ ತನಕ ಕಾಲ ಕೆಳಗೆ ಮಡಚಿದ ಕೌದಿ ಕೊಡುವುದು, ಮತ್ತೆ ವಿಭೂತಿ ಸವರಿ ಕಟ್ಟುವುದು. ಮಗಳು "ಆಯಿ, ನೋಡು" ಎಂದು ಅವರೆದುರಿಗೆ ಜೆಲ್ ಒತ್ತಿ ತೋರಿಸಿದರೆ ಅತ್ತೆಯ ತುಟಿಯ ಎಡಭಾಗ ಅಲುಗುತ್ತಿತ್ತು. ಓಂ ನಮಃ ಶಿವಾಯ ಎನ್ನುತ್ತಿದ್ದಾರೆ ಎಂದು ನಮಗೆ ತಿಳಿಯುತ್ತಿತ್ತು. ಬಂದವರು "ಸೊಸಿ ಮಗಳಂಗ ಮಾಡಾಕತ್ತಾಳ" ಎಂದು ಹೊಗಳುತ್ತಿದ್ದರು. ನನಗೆ ಪ್ರೀತಿಯೂ ಗೊತ್ತಾಗುತ್ತಿರಲಿಲ್ಲ, ಬೇಸರವೂ ಗೊತ್ತಾಗುತ್ತಿರಲಿಲ್ಲ. ಅವರ ಪಾದಕ್ಕೆ ಹಿಡಿದ ಜೋಮು ನನಗೂ ಹಿಡಿದಿತ್ತು ಅಂದುಕೊಳ್ಳುತ್ತೇನೆ. ಕೈ ಮಾತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ಶ್ರಾವಣ ಮುಗಿಯುವ ಹೊತ್ತಿಗೆ ಅವರು ಹೋದರು. ಸ್ನಾನ ಮಾಡಿಸಿ, ಹಣೆತುಂಬ ವಿಭೂತಿ ಹಚ್ಚಿ, ನಮ್ಮಲ್ಲಿಯ ಪದ್ಧತಿಯಂತೆ ಗೋಡೆಗೊರಗಿಸಿ ಕೂರಿಸಿದರು. ಸ್ನಾನದ ಹೊತ್ತಿಗೆ ಪಾದ ತೊಳೆಯುತ್ತಿದ್ದ ಓಣಿಯ ಮುದುಕಿಯೊಬ್ಬಳು, "ಇಷ್ಟು ದಿನ ಮಲಗಿದ್ದ ಜೀವ, ಹಿಮ್ಮಡ ನೋಡ್ರಿ, ಒಂದು ಗೀರಿಲ್ಲ!" ಎಂದಳು. ಎಲ್ಲರೂ ಬಗ್ಗಿ ನೋಡಿದರು. ನಾನೂ ನೋಡಿದೆ. ಹಿಮ್ಮಡಿ ಒಡೆದಿರಲಿಲ್ಲ. ಅದೊಂದೇ ನಾನು ಕಾಯ್ದದ್ದು, ಅದು ಉಳಿದಿತ್ತು, ಆದರೆ ಉಳಿದು ಏನಾಯಿತು ಎಂದು ನನಗೆ ಹೊಳೆಯಲಿಲ್ಲ. ಯಾರೋ ಹಿಂದಿನಿಂದ "ಸೊಸಿ ಕಣ್ಣಾಗ ಹನಿ ನೀರಿಲ್ಲ" ಎಂದದ್ದು ಕೇಳಿಸಿತು. ಅದರಲ್ಲಿ ಸುಳ್ಳೇನಿರಲಿಲ್ಲ. ಬಂದವರಿಗೆ ಚಾಪೆ ಸಾಲುತ್ತವೋ ಇಲ್ಲವೋ ನೋಡಲು ಒಳಗೆ ಹೋದೆ.

ತಿಥಿಯ ಕಾರ್ಯವೆಲ್ಲ ಮುಗಿದ ಮೇಲೆ ಮಗಳು ಹಳೆಯ ಜೋಡಿಯನ್ನು ತೊಳೆದು ಆರಿಸಿದಳು. ಬಿಡಿಸಿದ ಕಡೆ ಹೊಲಿಗೆ ಹಾಕಿ, ಹಾಲ್‌ಗೆ ಬರುವ ಸಣ್ಣ ಹುಡುಗಿಯೊಬ್ಬಳಿಗೆ ಕೊಡುವ ಯೋಚನೆ ಅವಳದು. ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತಿದಳು. ಅತ್ತೆಗೆ ಕಟ್ಟದೆ ಇಟ್ಟಿದ್ದ ಎಡಗಾಲಿನದು ಪುಟಿದು ಬಂತು. ಬಲಗಾಲಿನದನ್ನು ಒತ್ತುವ ಅಗತ್ಯವೇ ಇರಲಿಲ್ಲ. ನಡುವೆ ಆಗಲೇ ಒಂದು ಗುಳಿ ಇತ್ತು, ದುಂಡಗೆ, ಒಂದು ಬದಿಗೆ ತುಸು ಆಳವಾಗಿ. ಅತ್ತೆಯ ಕಾಲು ಯಾವಾಗಲೂ ಹೊರಗೆ ವಾಲುತ್ತಿತ್ತು.

"ಮಮ್ಮಿ, ಇದು ಹೋಗ್ಯಾದ," ಎಂದಳು ಮಗಳು. "ಕಸಕ್ಕ ಹಾಕ್ಲೇನು?"

ನಾನು ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡೆ. ಓಂ ನಮಃ ಶಿವಾಯ ಎಂದೆ. ಗುಳಿ ಹಾಗೇ ಇತ್ತು. ಮತ್ತೊಮ್ಮೆ ಎಂದೆ. ಅದು ಎಲ್ಲಿ ಮೇಲೆ ಬಂದುಬಿಡುತ್ತದೋ ಎಂದು ಬೆರಳನ್ನು ಗುಳಿಯ ಹತ್ತಿರವೂ ಒಯ್ಯಲಿಲ್ಲ. ಎಷ್ಟೋ ತಿಂಗಳ ಮೇಲೆ ನನಗೆ ಹೆದರಿಕೆಯಾಗಿತ್ತು.

"ಬ್ಯಾಡ," ಎಂದೆ. "ಇರ್ಲಿ."

ಮಗಳು ನನ್ನ ಮುಖ ನೋಡಿ ವಿಭೂತಿ ತಂದು ಸವರಿದಳು, ಗುಳಿಯ ಒಳಗೂ ಸವರಿದಳು. ಅದನ್ನು ಮಗುಚದೆ, ಮೇಲೆ ಏನೂ ಹೇರದೆ, ಒಂದು ಸ್ಟೀಲ್ ಡಬ್ಬಿಯಲ್ಲಿ ಇಟ್ಟೆವು.

ಈಗ ಮತ್ತೆ ಬೇಸಿಗೆ. ಬಿಸಿಲಿಗೆ ಜೆಲ್ ಏನಾಗುತ್ತದೆ ಎಂದು ಆ ಮೊದಲ ಜೋಡಿಯಿಂದಲೇ ಗೊತ್ತಿದೆ: ಕರಗುತ್ತದೆ, ಕರಗಿದರೆ ಗುಳಿ ತುಂಬಿಹೋಗುತ್ತದೆ. ಹಾಗಾಗಿ ಡಬ್ಬಿಯನ್ನು ಫ್ರಿಜ್‌ನಲ್ಲಿ ಇಟ್ಟಿದ್ದೇನೆ, ಹಾಲಿನ ಪಾತ್ರೆಯ ಪಕ್ಕದಲ್ಲಿ. ಮೊನ್ನೆ ಮಧ್ಯಾಹ್ನ ಊಟಕ್ಕೆ ಬಂದ ಗಂಡ ಮೊಸರು ಹುಡುಕುತ್ತ ಅದರ ಮುಚ್ಚಳ ತೆಗೆದರು. "ಇದೇನು ಇದು?" ಎಂದು ಕೇಳಿದರು.

"ನಮ್ಮ ಆಯಿದು," ಎಂದಳು ಮಗಳು.

ಅವರು ಬಗ್ಗಿ ಒಳಗಿನ ಗುಳಿ ನೋಡಿದರು. ಬೆರಳು ಹಾಕಲಿಲ್ಲ. ಮುಚ್ಚಳ ಹಾಕಿ, ಡಬ್ಬಿಯನ್ನು ಇನ್ನೂ ತಣ್ಣಗಿರುವ ಮೇಲಿನ ಅರೆಗೆ ಸರಿಸಿಟ್ಟರು.